ಬಲಗೈಯ ಬ್ರೇಕು

ನೆಲೆ ಬದಲಿಸಿ ಬೇರೆ ದೇಶಕ್ಕೆ ಹೊರಟವರು ಸಾಮಾನಿನ ಪಟ್ಟಿ ಬರೆಯಲು ಕುಳಿತಾಗ ಸೈಕಲ್ಲು ಆ ಪಟ್ಟಿಯ ಯಾವ ಸಾಲಿನಲ್ಲೂ ನೆಟ್ಟಗೆ ಕೂರುವುದಿಲ್ಲ. ಬಟ್ಟೆಯ ಹಾಗೆ ಅದನ್ನು ಮಡಚಲಾಗದು, ಮೇಜು ಕುರ್ಚಿಗಳ ಹಾಗೆ ಹೋದಲ್ಲಿ ಹೊಸದು ಕೊಂಡರಾಯಿತು ಎನ್ನಲು ಮನಸ್ಸು ಬಾರದು, ಹಾಗೆಂದು ಆಭರಣದ ಹಾಗೆ ಬೆಲೆ ಹೇಳಿ ಸಮರ್ಥಿಸಿಕೊಳ್ಳಲೂ ಆಗದು. ನನ್ನ ಪಟ್ಟಿಯಲ್ಲಿ ಅದನ್ನು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೆ. ಎಂಟು ವರ್ಷ ಹಳೆಯ ಉಕ್ಕಿನ ಫ್ರೇಮು, ಎರಡು ಬಾರಿ ಬದಲಾದ ಚಕ್ರಗಳು, ಎಷ್ಟು ಸಲ ಬದಲಾಯಿತೆಂದು ಲೆಕ್ಕವೇ ಇಡದ ಚೈನು, ಎಲ್ಲ ಸೇರಿ ಹನ್ನೊಂದೂವರೆ ಕಿಲೋ ತೂಕ. ಸಾಗಣೆಯ ಖರ್ಚು, ಪೆಟ್ಟಿಗೆ, ತಲುಪಿದ ಮೇಲಿನ ರಿಪೇರಿ ಇವನ್ನೆಲ್ಲ ಕೂಡಿ ನೋಡಿದರೆ ಮಾರಿ ಹೋಗುವುದೇ ಲೇಸೆಂದು ಯಾರಿಗಾದರೂ ಕಾಣುತ್ತದೆ. ನನಗೂ ಕಂಡಿತ್ತು.

ನನಗೆ ಸೈಕಲ್ಲಿನ ರಿಪೇರಿ ಕಲಿಸಿದ ಹಿರಿಯರೊಬ್ಬರಿಗೆ ಈ ಗೊಂದಲವನ್ನು ಹೇಳಿಕೊಂಡಾಗ ಅವರು ಹೌದೆಂದೂ ಅಲ್ಲವೆಂದೂ ಹೇಳದೆ ಅಳತೆಯ ಟೇಪು ತೆಗೆದರು. "ಸೈಕಲ್ ಒಯ್ಯೋದು ಬಿಡೋದು ನಿನ್ನಿಷ್ಟ ಕಣಪ್ಪ, ಅಳತೆ ಮಾತ್ರ ಬಿಟ್ಟು ಹೋಗಬೇಡ" ಎಂದು, ಪೆಡಲಿನ ತೋಳುಗಳು ಕೂಡುವ ಅಚ್ಚಿನ ನಡುವಿನಿಂದ ಸೀಟಿನ ನೆತ್ತಿಯವರೆಗೆ ಅಳೆದು 734 ಮಿ.ಮೀ. ಎಂದು ಬರೆಸಿದರು. ಸೀಟಿನ ಮೂತಿಯಿಂದ ಹ್ಯಾಂಡಲ್ಲಿನ ನಡುವಿಗೆ 525. ಸೀಟಿಗಿಂತ ಹ್ಯಾಂಡಲ್ಲು 40 ಕೆಳಗೆ. ಸವಾರನ ದೇಹ ಸೈಕಲ್ಲನ್ನು ಮುಟ್ಟುವುದು ಅಂಗೈ, ಪೃಷ್ಠ, ಪಾದ ಎಂಬ ಮೂರೇ ಕಡೆಯಲ್ಲಿ. ಆ ಮೂರರ ನಡುವಿನ ದೂರಗಳು ಕೈಯಲ್ಲಿದ್ದರೆ ಯಾವ ದೇಶದ ಯಾವ ಸೈಕಲ್ಲನ್ನಾದರೂ ಮುಕ್ಕಾಲು ಪಾಲು ನಮ್ಮದನ್ನಾಗಿ ಮಾಡಿಕೊಳ್ಳಬಹುದು ಎಂಬುದು ಅವರ ವಾದ. ಕೊನೆಯ ಸಾಲಿನಲ್ಲಿ ಅವರು "ಮುಂದಿನ ಬ್ರೇಕು: ಬಲಗೈ" ಎಂದೂ ಬರೆಸಿದರು. ಇದನ್ನೂ ಬರೆದಿಡಬೇಕೆ ಎಂದು ನನಗೆ ನಗು ಬಂದಿತ್ತು.

ಅವರ ವಾದ ಸರಿಯಾಗಿಯೇ ಇತ್ತು. ಆದರೂ ನಾನು ಚೀಟಿಯ ಜೊತೆಗೆ ಸೈಕಲ್ಲನ್ನೂ ಒಯ್ದೆ. ಹೊಸ ಊರಿನಲ್ಲಿ ಮೊದಲ ಕೆಲವು ತಿಂಗಳು ಮನೆ, ಕೆಲಸ, ಕಾಗದಪತ್ರ ಎಲ್ಲವೂ ಅಪರಿಚಿತವಾಗಿರುವಾಗ ಕುಳಿತ ಕೂಡಲೇ ಗುರುತು ಹಿಡಿಯುವ ಒಂದು ವಸ್ತುವಾದರೂ ಇರಲಿ ಎಂಬುದಷ್ಟೇ ನನ್ನ ಸಮರ್ಥನೆ; ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಬಿಚ್ಚುವ ಕೆಲಸ ಪೆಡಲಿನಿಂದ ಆರಂಭವಾಗುತ್ತದೆ, ಬಹುಮಂದಿ ಸೋಲುವುದೂ ಅಲ್ಲಿಯೇ. ಬಲಗಡೆಯ ಪೆಡಲಿಗೆ ಎಲ್ಲ ಸ್ಕ್ರೂಗಳಂತೆ ಸಾಮಾನ್ಯ ಥ್ರೆಡ್ಡು, ಎಡಗಡೆಯದಕ್ಕೆ ತಿರುವುಮುರುವು. ಪೆಡಲು ತುಳಿಯುವಾಗ ಭಾರ ಬೀಳುವ ದಿಕ್ಕು ತಿರುಗುತ್ತಲೇ ಇರುವುದರಿಂದ ಪೆಡಲಿನ ಅಚ್ಚು ತನ್ನ ತೂತಿನೊಳಗೆ ಬಹಳ ಸೂಕ್ಷ್ಮವಾಗಿ ಉರುಳುತ್ತದೆ. ಎರಡೂ ಕಡೆ ಒಂದೇ ಬಗೆಯ ಥ್ರೆಡ್ಡಿದ್ದರೆ ಎಡಗಡೆಯದು ಆ ಉರುಳುವಿಕೆಯಿಂದಲೇ ಸಡಿಲಗೊಂಡು ದಾರಿಯಲ್ಲಿ ಕಳಚಿ ಬೀಳುತ್ತಿತ್ತು. ಎಡ ಬಲಗಳ ಈ ಗೊಂದಲಕ್ಕೆ ಹಿರಿಯರು ಹೇಳಿಕೊಟ್ಟ ಸೂತ್ರ ಸುಲಭವಾದದ್ದು: ಪಾನವನ್ನು (ಸ್ಪ್ಯಾನರನ್ನು) ಪೆಡಲಿಗೆ ಹಾಕಿ ಮೇಲ್ಮುಖವಾಗಿ ನಿಲ್ಲಿಸಿ, ಯಾವ ಕಡೆಯಾದರೂ ಸರಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ನನ್ನ ಎಡಪೆಡಲು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ನಾಲ್ಕು ಮಳೆಗಾಲಗಳ ತುಕ್ಕು ಅದನ್ನು ತೋಳಿಗೆ ಬೆಸೆದಂತೆ ಹಿಡಿದಿತ್ತು. ರಾತ್ರಿ ಎಣ್ಣೆ ಬಿಟ್ಟು ಮಲಗಿ, ಬೆಳಿಗ್ಗೆ 15 ಮಿ.ಮೀ. ಪಾನದ ತುದಿಗೆ ಒಂದು ಕಬ್ಬಿಣದ ಕೊಳವೆ ತೂರಿಸಿ ಉದ್ದ ಮಾಡಿಕೊಂಡು ಮೈಭಾರ ಬಿಟ್ಟಾಗ ಅದು 'ಟಕ್' ಎಂದು ಒಮ್ಮೆ ಸದ್ದು ಮಾಡಿ ಬಿಟ್ಟುಕೊಟ್ಟಿತು. ಒಳಗಿನ ಥ್ರೆಡ್ಡುಗಳು ಕಂದುಬಣ್ಣದ ಪುಡಿಯಿಂದ ತುಂಬಿದ್ದವು. ಮರಳಿ ಹಾಕುವಾಗ ಗ್ರೀಸ್ ಹಚ್ಚಬೇಕೆಂದು ಅದೇ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆ.

ಪೆಟ್ಟಿಗೆಗೆ ಸೈಕಲ್ ಅಂಗಡಿಯವರು ಬಿಸಾಡುವ ರಟ್ಟಿನದೇ ಸಾಕು. ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳು ಚೆನ್ನಾಗಿರುತ್ತವೆ ನಿಜ, ಆದರೆ ಒಂದೇ ಸಲ ಹೋಗಿ ನೆಲೆಸುವವರಿಗೆ ಆಮೇಲೆ ಅದನ್ನಿಡಲು ಒಂದು ಕೋಣೆಯೇ ಬೇಕಾಗುತ್ತದೆ. ಮುಂದಿನ ಚಕ್ರ ತೆಗೆದ ಮೇಲೆ ಫೋರ್ಕಿನ ಎರಡು ಕಾಲುಗಳ ನಡುವೆ ಒಂದು ಅಡ್ಡಕಟ್ಟೆ ಕೊಡಬೇಕು, ಇಲ್ಲವಾದರೆ ಪೆಟ್ಟಿಗೆಯ ಮೇಲೆ ಬೀಳುವ ಭಾರಕ್ಕೆ ಅವು ಒಳಕ್ಕೆ ಬಾಗುತ್ತವೆ. ತಂತಿಯ ಬದಲು ಎಣ್ಣೆಯೊತ್ತಡದಿಂದ ನಡೆಯುವ ಡಿಸ್ಕ್ ಬ್ರೇಕಾದರೆ ಅದರ ಪ್ಯಾಡುಗಳ ನಡುವೆಯೂ ರಟ್ಟಿನ ಚೂರೊಂದನ್ನು ಸಿಕ್ಕಿಸಬೇಕು, ಏಕೆಂದರೆ ದಾರಿಯಲ್ಲಿ ಲಿವರು ಯಾವುದಕ್ಕೋ ಒತ್ತಿಕೊಂಡರೆ ಡಿಸ್ಕ್ ಇಲ್ಲದ ಖಾಲಿಯಲ್ಲಿ ಪ್ಯಾಡುಗಳು ಒಂದಕ್ಕೊಂದು ಅಂಟಿ ಕೂತುಬಿಡುತ್ತವೆ. ಸೀಟಿನ ಕಂಬವನ್ನು ಎಳೆದು ತೆಗೆಯುವ ಮುನ್ನ ಅದು ಫ್ರೇಮಿನೊಳಗೆ ಇಳಿಯುವ ಗಡಿಯಲ್ಲಿ ಕರೆಂಟಿನ ಟೇಪನ್ನು ಒಂದು ಸುತ್ತು ಸುತ್ತಿದೆ. ಇಷ್ಟರಲ್ಲಿ ಅರ್ಧ ದಿನ ಹೋಯಿತು. ಎಂಟು ವರ್ಷ ನನ್ನನ್ನು ಹೊತ್ತ ಯಂತ್ರ ಗೋಡೆಗೆ ಒರಗಿಸಿದ ಒಂದು ತೆಳು ಪೆಟ್ಟಿಗೆಯಾಯಿತು, ನೋಡಿದವರು ಟಿವಿಯೇ ಎಂದು ಕೇಳಿದರು.

ವಿಮಾನ ಕಂಪನಿಗಳ ನಿಯಮಗಳು ಒಂದರಂತೆ ಇನ್ನೊಂದಿಲ್ಲ. ಸಾಧಾರಣ ಸಾಮಾನಿಗೆ ಹಲವು ಕಂಪನಿಗಳು ಇಡುವ ಮಿತಿ 23 ಕಿಲೋ ತೂಕ ಮತ್ತು ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿ 158 ಸೆಂ.ಮೀ. ತೂಕದಲ್ಲಿ ಸೈಕಲ್ಲು ಆರಾಮವಾಗಿ ಗೆಲ್ಲುತ್ತದೆ, ಅಳತೆಯಲ್ಲಿ ಖಚಿತವಾಗಿ ಸೋಲುತ್ತದೆ. ಹಾಗಾಗಿ ಅದು ಕ್ರೀಡಾಸಾಮಗ್ರಿಯೆಂಬ ಬೇರೆ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆದು, ಆ ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆ ಕೌಂಟರಿನಲ್ಲಿ ನಡೆಯುವುದಿಲ್ಲ.

ಟೈರಿನ ಗಾಳಿ ಬಿಡಿ ಎಂದು ಎಲ್ಲರೂ ಹೇಳುತ್ತಾರೆ, ಬಿಡದಿದ್ದರೆ ಆಕಾಶದಲ್ಲಿ ಸಿಡಿಯುತ್ತದೆಂದು ಹೆದರಿಸುವವರೂ ಇದ್ದಾರೆ. ಸಿಡಿಯುವುದಿಲ್ಲ. ದೊಡ್ಡ ವಿಮಾನಗಳಲ್ಲಿ ಸಾಮಾನಿನ ಕೋಣೆಯಲ್ಲಿಯೂ ಪ್ರಯಾಣಿಕರ ಕೋಣೆಯಷ್ಟೇ ಗಾಳಿಯೊತ್ತಡವಿರುತ್ತದೆ, ಮತ್ತು ಅದು ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಾದರೂ ಇದ್ದೇ ಇರುತ್ತದೆ. ಗಾಳಿಯೇ ಇಲ್ಲದ ನಿರ್ವಾತದಲ್ಲಿಟ್ಟರೂ 80 ಪೌಂಡ್ ಒತ್ತಡದ ಟೈರು 95ರ ಆಸುಪಾಸಿಗೆ ಏರಿದಂತಾಗುತ್ತದೆಯೇ ಹೊರತು ಅದಕ್ಕಿಂತ ಮೇಲಕ್ಕಲ್ಲ. ಒಳ್ಳೆಯ ಟೈರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಈ ಭೌತಶಾಸ್ತ್ರವನ್ನು ಹಿಂದೆ ಸಾಲು ಬೆಳೆಯುತ್ತಿರುವ ಕೌಂಟರಿನ ಮುಂದೆ ನಿಂತು ಬೋಧಿಸುವುದರಲ್ಲಿ ಅರ್ಥವಿಲ್ಲ. ಅರ್ಧ ಗಾಳಿ ಬಿಟ್ಟು, ಇನ್ನರ್ಧವನ್ನು ರಿಮ್ಮಿನ ರಕ್ಷಣೆಗೆಂದು ಉಳಿಸಿಕೊಂಡೆ.

ನಿಜವಾಗಿ ಎಚ್ಚರ ಬೇಕಾದದ್ದು ಬ್ಯಾಟರಿಯ ವಿಷಯದಲ್ಲಿ. ದೀಪದ ಬಿಡಿ ಲಿಥಿಯಂ ಬ್ಯಾಟರಿಗಳು, ಪವರ್ ಬ್ಯಾಂಕುಗಳು ಕೈಚೀಲದಲ್ಲಿಯೇ ಹೋಗಬೇಕು, ಪೆಟ್ಟಿಗೆಯಲ್ಲಿ ಅಲ್ಲ. ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಲೆಕ್ಕದಲ್ಲಿ 100 ವ್ಯಾಟ್-ಅವರ್‌ವರೆಗೆ ತೊಂದರೆಯಿಲ್ಲ, 100ರಿಂದ 160ರವರೆಗೆ ಕಂಪನಿಯ ಅನುಮತಿ ಬೇಕು, ಅದಕ್ಕೂ ಮೇಲಿನದು ಪ್ರಯಾಣಿಕರ ಸಾಮಾನಿನಲ್ಲಿ ವಿಮಾನ ಹತ್ತುವಂತಿಲ್ಲ. ವಿದ್ಯುತ್ ಸೈಕಲ್ಲಿನ ಬ್ಯಾಟರಿಗಳು ಸಾಧಾರಣವಾಗಿ ಮುನ್ನೂರರಿಂದ ಏಳುನೂರು ವ್ಯಾಟ್-ಅವರ್‌ನವು, ಆದ್ದರಿಂದ ಅಂಥ ಸೈಕಲ್ಲನ್ನು ಪ್ರೀತಿಸುವವರು ಅದನ್ನು ಹೃದಯವಿಲ್ಲದೆ ಒಯ್ಯಬೇಕಾಗುತ್ತದೆ. ಚೈನು ತೊಳೆಯುವ ಸ್ಪ್ರೇ ಡಬ್ಬಿಗಳೂ ಮನೆಯಲ್ಲಿಯೇ ಉಳಿಯಬೇಕು.

ಸುಂಕದ ಬಗ್ಗೆ ನಾನು ಪಟ್ಟ ಆತಂಕ ಅನಗತ್ಯವಾಗಿತ್ತು. ನೆಲೆ ಬದಲಿಸಿ ಬರುವವರ ಬಳಸಿದ ವಸ್ತುಗಳಿಗೆ ಹಲವು ದೇಶಗಳು ವಿನಾಯಿತಿ ಕೊಡುತ್ತವೆ. ಯುರೋಪಿಯನ್ ಒಕ್ಕೂಟದ 2009ರ ನಿಯಮದ ಪ್ರಕಾರ, ಹೊರಗಿನಿಂದ ವಾಸ ಬದಲಿಸಿ ಬರುವವರು ಕನಿಷ್ಠ ಆರು ತಿಂಗಳು ತಮ್ಮ ಬಳಿಯಿಟ್ಟು ಬಳಸಿದ ವಸ್ತುವನ್ನು, ಬಂದು ನೆಲೆಸಿದ ಹನ್ನೆರಡು ತಿಂಗಳೊಳಗೆ ತರಿಸಿಕೊಂಡರೆ ಸುಂಕವಿಲ್ಲ. ಆದರೆ ಮುಂದಿನ ಹನ್ನೆರಡು ತಿಂಗಳು ಅಧಿಕಾರಿಗಳಿಗೆ ಮೊದಲೇ ತಿಳಿಸದೆ ಅದನ್ನು ಮಾರುವಂತಿಲ್ಲ, ಎರವಲು ಕೊಡುವಂತೆಯೂ ಇಲ್ಲ. ಈ ಎರವಲಿನ ಷರತ್ತು ನನಗೆ ಬಹಳ ಹಿಡಿಸಿತು. ಸೈಕಲ್ ಕೇಳುವ ಗೆಳೆಯರಿಗೆ ಇಲ್ಲವೆನ್ನಲು ಕಾನೂನಿನ ಆಸರೆ ಸಿಗುವುದು ಅಪರೂಪ. ಫ್ರೇಮಿನ ತಳದಲ್ಲಿ ಕೆತ್ತಿದ ಸಂಖ್ಯೆಯ ಫೋಟೊ ಮತ್ತು ಕೊಂಡ ರಸೀದಿ ಜೊತೆಗಿದ್ದರೆ ಮಾತು ಬೇಗ ಮುಗಿಯುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ಹೋಗುವವರಿಗೆ ಸುಂಕಕ್ಕಿಂತ ಮಣ್ಣಿನದೇ ಚಿಂತೆ: ಟೈರಿನ ಗೀರುಗಳಲ್ಲಿ, ಪೆಡಲಿನ ಸಂದಿಯಲ್ಲಿ ಒಣಗಿದ ಕೆಸರೋ ಬೀಜವೋ ಉಳಿದಿದ್ದರೆ ಅಲ್ಲಿನ ಜೈವಿಕ ಸುರಕ್ಷತೆಯ ಅಧಿಕಾರಿಗಳು ಸೈಕಲ್ಲನ್ನು ತಡೆಹಿಡಿಯುತ್ತಾರೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಷ್ಟು ಉಪಯುಕ್ತ ಸಲಕರಣೆ ಈ ಕೆಲಸಕ್ಕೆ ಇನ್ನೊಂದಿಲ್ಲ.

ತಲುಪಿದ ಮೇಲೆ ಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಕುಸಿದಿದ್ದನ್ನು ಕಂಡಾಗಲೇ ಎದೆ ಧಸಕ್ಕೆಂದಿತು. ಬಿಚ್ಚಿ ನೋಡಿದರೆ ಫ್ರೇಮಿಗೆ ಗೀರೂ ಬಿದ್ದಿರಲಿಲ್ಲ, ಆದರೆ ಹಿಂದಿನ ಗೇರು ಬದಲಿಸುವ ಡಿರೇಲರನ್ನು ಹಿಡಿದಿಡುವ ಹ್ಯಾಂಗರ್ ಎಂಬ ಹೆಬ್ಬೆರಳುದ್ದದ ಅಲ್ಯೂಮಿನಿಯಂ ತುಂಡು ಬಾಗಿತ್ತು. ತಪ್ಪು ನನ್ನದೇ. ಡಿರೇಲರನ್ನು ಬಿಚ್ಚಿ ಚೈನಿನೊಂದಿಗೆ ಬಟ್ಟೆಯಲ್ಲಿ ಸುತ್ತಿ ಫ್ರೇಮಿನ ಒಳಗಡೆಗೆ ಕಟ್ಟಿಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಸೋಮಾರಿತನದಿಂದ ಅದನ್ನು ಇದ್ದಂತೆಯೇ ಬಿಟ್ಟಿದ್ದೆ. ಹ್ಯಾಂಗರನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ, ಪೆಟ್ಟು ಬಿದ್ದಾಗ ತಾನು ಬಾಗಿ ಫ್ರೇಮನ್ನೂ ಡಿರೇಲರನ್ನೂ ಉಳಿಸಲಿ ಎಂದು. ತೊಂದರೆಯೆಂದರೆ ಅದರ ಆಕಾರಗಳು ನೂರಾರು, ಒಂದು ಫ್ರೇಮಿನದು ಇನ್ನೊಂದಕ್ಕೆ ಹೊಂದುವುದಿಲ್ಲ. ಸೈಕಲ್ಲಿನ ಬಿಡಿಭಾಗಗಳನ್ನು ಮಾಡುವ ಸ್ರ್ಯಾಮ್ ಕಂಪನಿ 2019ರಲ್ಲಿ ಎಲ್ಲ ಫ್ರೇಮುಗಳಿಗೂ ಒಂದೇ ಹ್ಯಾಂಗರ್ ಆಗಲೆಂದು ಒಂದು ವಿನ್ಯಾಸವನ್ನು ಮುಂದಿಟ್ಟ ಮೇಲೆ ಹೊಸ ಸೈಕಲ್ಲುಗಳಲ್ಲಿ ಈ ತಾಪತ್ರಯ ಕಡಿಮೆಯಾಗುತ್ತಿದೆ, ಆದರೆ ನನ್ನದು ಅದಕ್ಕಿಂತ ಹಳೆಯದು. ಬಿಡಿ ಹ್ಯಾಂಗರೊಂದನ್ನು ಕಾಲುಚೀಲದೊಳಗೆ ಸುತ್ತಿ ತಂದಿದ್ದೆನಾದ್ದರಿಂದ ಬಚಾವಾದೆ. ಸೈಕಲ್ಲಿನೊಂದಿಗೆ ದೇಶ ಬಿಡುವವರು ನನ್ನಲ್ಲಿ ಒಂದೇ ಒಂದು ಸಲಹೆ ಕೇಳಿದರೆ ನಾನು ಹೇಳುವುದು ಈ ಹೆಬ್ಬೆರಳುದ್ದದ ತುಂಡಿನ ಬಗ್ಗೆ.

ಸೀಟಿನ ಕಂಬವನ್ನು ಟೇಪಿನ ಗುರುತಿನವರೆಗೆ ಇಳಿಸಿ, ಚೀಟಿ ನೋಡಿ ಅಳೆದೆ. 734. ಕೋಣೆಯೊಳಗೇ ಗೋಡೆಗೆ ಕೈಯೂರಿ ಅದರ ಮೇಲೆ ಕುಳಿತೆ. ಆ ದೇಶದಲ್ಲಿ ನಾನು ಸರಿಯಾಗಿ ಕುಳಿತೆನೆಂದು ಅನ್ನಿಸಿದ್ದು ಅದೇ ಮೊದಲು.

ಆದರೆ ಸೈಕಲ್ಲು ಹೊಸ ದೇಶಕ್ಕೆ ಹೊಂದಿಕೊಳ್ಳಬೇಕಾದ ಸಂಗತಿಗಳು ಒಂದೊಂದಾಗಿ ಬಂದವು. ಮೊದಲನೆಯದು ಗಾಳಿಯ ವಾಲ್ವ್. ಜಗತ್ತಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೂರು ಬಗೆ: ಕಾರಿನ ಟೈರಿನಲ್ಲಿರುವಂಥ ದಪ್ಪನೆಯ ಷ್ರೇಡರ್, ರೇಸಿಂಗ್ ಸೈಕಲ್ಲುಗಳ ತೆಳುವಾದ ಪ್ರೆಸ್ಟಾ, ಮತ್ತು ನೆದರ್ಲೆಂಡ್ಸ್, ಜಪಾನುಗಳ ದಿನಬಳಕೆಯ ಸೈಕಲ್ಲುಗಳಲ್ಲಿ ಇಂದಿಗೂ ಕಾಣುವ ಡನ್‌ಲಪ್. ರಸ್ತೆಬದಿಯಲ್ಲಿ ಸಾರ್ವಜನಿಕರಿಗೆಂದು ನಿಲ್ಲಿಸಿದ್ದ ಪಂಪಿನ ಬಾಯಿ ನನ್ನ ಪ್ರೆಸ್ಟಾ ವಾಲ್ವಿಗೆ ಹೊಂದಲಿಲ್ಲ. ಉಗುರಿನಷ್ಟು ಗಾತ್ರದ ಹಿತ್ತಾಳೆಯ ತಿರುಪೊಂದನ್ನು ವಾಲ್ವಿನ ಮೇಲೆ ತಿರುಗಿಸಿ ಕೂರಿಸಿದರೆ ಹೊಂದುತ್ತದೆ, ಅದನ್ನು ಈಗ ಸದಾ ಕೀಲಿಕೈಯ ಗೊಂಚಲಿನಲ್ಲಿ ಇಟ್ಟುಕೊಂಡಿರುತ್ತೇನೆ.

ಎರಡನೆಯದು ಟೈರಿನ ಹೆಸರು. ನಾನು 700ಸಿ ಎಂದು ಕೇಳಿದರೆ ಅಂಗಡಿಯವರು 28 ಇಂಚೇ ಎಂದು ಮರುಪ್ರಶ್ನೆ ಹಾಕಿದರು. ಎರಡೂ ಒಂದೇ, ರಿಮ್ಮಿನ ವ್ಯಾಸ 622 ಮಿ.ಮೀ. ಗುಡ್ಡಗಾಡಿನ ಸೈಕಲ್ಲುಗಳವರು 29 ಇಂಚು ಎನ್ನುವುದೂ ಇದೇ ರಿಮ್ಮನ್ನು. ಆದರೆ ಹಳೆಯ ಎತ್ತರದ ಸೈಕಲ್ಲುಗಳ 28 x 1½ ಎಂಬ ಟೈರಿನ ರಿಮ್ಮು 635 ಮಿ.ಮೀ., ಅಂದರೆ ಈ 28 ಆ 29ಕ್ಕಿಂತ ದೊಡ್ಡದು. ಇಂಥ ಇಂಚುಗಳನ್ನು ನಂಬಿ ವ್ಯವಹಾರ ಮಾಡುವುದಕ್ಕಿಂತ ಟೈರಿನ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿರುವ 32-622ರಂಥ ಸಂಖ್ಯೆಯನ್ನು ತೋರಿಸುವುದು ಲೇಸು. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಇದನ್ನು ಎಲ್ಲ ದೇಶಗಳ ಅಂಗಡಿಗಳೂ ಒಪ್ಪುತ್ತವೆ.

ಕಾನೂನುಗಳದು ಇನ್ನೊಂದು ಕಥೆ. ಮಿಣುಕುವ ದೀಪ ಒಂದು ಕಡೆ ಸುರಕ್ಷತೆಯ ಲಕ್ಷಣವಾದರೆ ಜರ್ಮನಿಯಲ್ಲಿ ಸೈಕಲ್ಲಿನ ಮೇಲೆ ಅದು ನಿಷಿದ್ಧ. ಜಪಾನಿನಲ್ಲಿ 1994ರಿಂದ ಸೈಕಲ್ಲಿನ ನೋಂದಣಿ ಕಡ್ಡಾಯ. ನ್ಯೂಜಿಲೆಂಡಿನಲ್ಲಿ ಅದೇ 1994ರಿಂದ ಎಲ್ಲ ವಯಸ್ಸಿನವರಿಗೂ ಹೆಲ್ಮೆಟ್ ಕಡ್ಡಾಯ. ಡೆನ್ಮಾರ್ಕಿನಲ್ಲಿ ಎಡಕ್ಕೆ ತಿರುಗುವ ಸೈಕಲ್ ಸವಾರರು ವಾಹನಗಳ ನಡುವೆ ನುಸುಳಿ ರಸ್ತೆಯ ಮಧ್ಯಕ್ಕೆ ಹೋಗುವಂತಿಲ್ಲ, ನೇರವಾಗಿ ಆಚೆ ಬದಿಗೆ ದಾಟಿ, ಅಲ್ಲಿ ನಿಂತು, ಆಮೇಲೆ ತಿರುಗಬೇಕು. ಹೊರಡುವ ಮುನ್ನ ಹೋಗುವ ದೇಶದ ಇಂಥ ನಿಯಮಗಳನ್ನು ಒಂದು ಸಂಜೆ ಕುಳಿತು ಓದಿಕೊಂಡರೆ ಸಾಕು. ಓದಿ ಕಲಿಯಲಾಗದ್ದು ಬೇರೆಯೇ ಇದೆ.

ನಾನು ರಸ್ತೆಯ ಎಡಬದಿಯಲ್ಲಿ ಸಾಗುವ ದೇಶದಿಂದ ಬಲಬದಿಯಲ್ಲಿ ಸಾಗುವ ದೇಶಕ್ಕೆ ಬಂದಿದ್ದೆ. ಮೊದಲ ವಾರ ನನಗೆ ಅಚ್ಚರಿಯೆನಿಸುವಷ್ಟು ಸುಲಭವಾಗಿ ಕಳೆಯಿತು, ಏಕೆಂದರೆ ಹೆದರಿಕೆಯಿಂದ ಪ್ರತಿ ತಿರುವಿನಲ್ಲೂ ಯೋಚಿಸುತ್ತಿದ್ದೆ. ಅಪಾಯ ಆರಂಭವಾಗುವುದು ಎರಡನೆಯ ತಿಂಗಳಿನಲ್ಲಿ, ಯೋಚನೆ ಬೇರೆ ಕಡೆಗೆ ಹೋಗತೊಡಗಿದಾಗ. ಬೆಳಗಿನ ಹೊತ್ತು ಖಾಲಿ ರಸ್ತೆಯೊಂದಕ್ಕೆ ತಿರುಗಿದ ಮೇಲೆ, ಮುಂದೆ ಅನುಸರಿಸಲು ಯಾವ ವಾಹನವೂ ಇಲ್ಲದಿದ್ದಾಗ, ದೇಹ ತಾನಾಗಿಯೇ ಹಳೆಯ ಬದಿಗೆ ಜರುಗುತ್ತದೆ. ಸ್ವೀಡನ್ ದೇಶವಿಡೀ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಎಡದಿಂದ ಬಲಕ್ಕೆ ಬದಲಾಯಿತೆಂದು ಓದಿದ್ದೆ. ಎಲ್ಲರೂ ಒಟ್ಟಿಗೆ ಗೊಂದಲಗೊಳ್ಳುವ ಸೌಭಾಗ್ಯ ಒಂಟಿಯಾಗಿ ಬಂದವನಿಗಿಲ್ಲ.

ಬ್ರೇಕಿನ ವಿಷಯ ಇದರೊಳಗೇ ಅಡಗಿದೆ. ಬ್ರಿಟನ್, ಜಪಾನ್, ಆಸ್ಟ್ರೇಲಿಯಾಗಳಂಥ ಎಡಬದಿಯ ದೇಶಗಳಲ್ಲಿ ಮುಂದಿನ ಬ್ರೇಕು ಬಲಗೈಗೆ ಇರುವುದು ರೂಢಿ. ಅಮೆರಿಕದಲ್ಲಿಯೂ ಯುರೋಪ್ ಖಂಡದ ಬಹುಭಾಗದಲ್ಲಿಯೂ ಎಡಗೈಗೆ. ಎದುರಿನ ವಾಹನಗಳನ್ನು ಅಡ್ಡಹಾಯ್ದು ತಿರುಗುವಾಗ ಒಂದು ಕೈಯನ್ನು ಚಾಚಿ ಸೂಚನೆ ಕೊಡಬೇಕಾಗುತ್ತದೆ, ಆಗ ಹ್ಯಾಂಡಲ್ಲಿನ ಮೇಲೆ ಉಳಿಯುವ ಕೈಗೆ ಹಿಂದಿನ ಬ್ರೇಕು ಸಿಗಲಿ ಎಂಬುದು ಇದಕ್ಕೆ ಕೊಡುವ ವಿವರಣೆ. ಒಂದೇ ಕೈಯಲ್ಲಿ ಹಿಡಿತವಿದ್ದಾಗ ಮುಂದಿನದನ್ನು ಎಳೆದರೆ ಹ್ಯಾಂಡಲ್ಲು ಹೊರಳುತ್ತದೆ. ನನ್ನ ಸೈಕಲ್ಲಿನಲ್ಲಿ ಬಲಗೈಗೇ ಮುಂದಿನದು ಇದ್ದುದರಿಂದ ದಿನನಿತ್ಯ ಏನೂ ತೊಂದರೆಯಾಗಲಿಲ್ಲ, ಆ ಊರಿನಲ್ಲಿ ಎಡಗೈ ಚಾಚಿ ತಿರುಗುವಾಗ ಮಾತ್ರ ಸಣ್ಣದೊಂದು ಅಳುಕು.

ಒಂದು ದಿನ ನನ್ನ ಸೈಕಲ್ಲಿನ ಟ್ಯೂಬು ಹರಿದು, ಬಾಡಿಗೆಯ ಸೈಕಲ್ಲೊಂದನ್ನು ಹತ್ತಿ ಹೊರಟಿದ್ದೆ. ಸಣ್ಣ ಮಳೆ ಬಂದು ನಿಂತಿತ್ತು. ಇಳಿಜಾರಿನ ಕೊನೆಯಲ್ಲಿ ನಿಂತಿದ್ದ ಕಾರಿನ ಬಾಗಿಲು ತೆರೆದುಕೊಂಡಿತು. ನನ್ನ ಬಲಗೈ ಎಂಟು ವರ್ಷಗಳಿಂದ ಕಲಿತಿದ್ದಂತೆ ಹದವಾಗಿ, ಬೆಣ್ಣೆ ಒತ್ತಿದಂತೆ ಒತ್ತಿತು. ಎಡಗೈ ಕಲಿತಿದ್ದಂತೆ ಗಟ್ಟಿಯಾಗಿ ಎಳೆಯಿತು. ಎರಡು ಕೈಗಳೂ ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿದವು, ಬ್ರೇಕುಗಳು ಮಾತ್ರ ಅದಲುಬದಲಾಗಿದ್ದವು. ಬ್ರೇಕು ಹಾಕುವಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಸೈಕಲ್ಲನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಚಕ್ರದಲ್ಲಿರುತ್ತದೆ, ಅದೇ ಕಾರಣಕ್ಕೆ ಅದನ್ನು ನಾಜೂಕಾಗಿ ಬಳಸಬೇಕು. ಮುಂದಿನ ಚಕ್ರ ಕಚ್ಚಿಕೊಂಡು ಒದ್ದೆ ರಸ್ತೆಯಲ್ಲಿ ಪಕ್ಕಕ್ಕೆ ಜಾರಿತು. ಮೊಣಕಾಲಿನ ಚರ್ಮ ಸುಲಿಯಿತು, ಅಂಗೈಗೆ ಸಣ್ಣ ಕಲ್ಲುಗಳು ಚುಚ್ಚಿಕೊಂಡವು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಬಾಗಿಲು ತೆರೆದವರು ಕ್ಷಮೆ ಕೇಳುತ್ತಿದ್ದರೆ ನಾನು ಕುಳಿತಲ್ಲೇ ನನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದೆ.

ಆ ಭಾನುವಾರ ನನ್ನ ಸೈಕಲ್ಲಿನ ಎರಡು ಬ್ರೇಕ್ ತಂತಿಗಳನ್ನೂ ಬಿಚ್ಚಿ ಅದಲುಬದಲು ಮಾಡಿದೆ. ತಂತಿಯ ಬ್ರೇಕಾದ್ದರಿಂದ ಇದು ಅರ್ಧ ಗಂಟೆಯ ಕೆಲಸ. ಆಮೇಲಿನದು ಅರ್ಧ ಗಂಟೆಯ ಕೆಲಸವಾಗಿರಲಿಲ್ಲ. ಪರಿಚಿತವಾಗಿರಲೆಂದು ಅಷ್ಟು ದೂರದಿಂದ ಹೊತ್ತು ತಂದ ಒಂದೇ ವಸ್ತುವನ್ನು ನಾನೇ ಅಪರಿಚಿತ ಮಾಡಿಕೊಂಡಿದ್ದೆ. ಮೂರು ವಾರ ಪ್ರತಿದಿನ ಬೆಳಿಗ್ಗೆ ಜನರಿಲ್ಲದ ಮೈದಾನದ ಸುತ್ತ ನಿಧಾನವಾಗಿ ಸುತ್ತುತ್ತ, ಎಡಗೈಯ ಎರಡು ಬೆರಳುಗಳಿಂದ ಹದವಾಗಿ ಒತ್ತಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿದೆ. ಎಡಗೈಗೆ ಬುದ್ಧಿ ಬರಲು ತಡವಾಯಿತು, ಬಲಗೈಗೆ ಅಧಿಕಾರ ಬಿಟ್ಟುಕೊಡಲು ಇನ್ನೂ ತಡವಾಯಿತು. ಆರಂಭದಲ್ಲಿ ಮರೆಯದಿರಲೆಂದು ಎಡ ಲಿವರಿಗೆ ಕೆಂಪು ಟೇಪು ಸುತ್ತಿದ್ದೆ. ನಾಲ್ಕನೆಯ ವಾರವೋ ಐದನೆಯ ವಾರವೋ, ನಾಯಿಯೊಂದು ಏಕಾಏಕಿ ಅಡ್ಡ ಬಂದಾಗ ಸೈಕಲ್ಲು ನಿಂತು, ನಾಯಿ ದಾಟಿಹೋಗಿ, ಕಾಲು ನೆಲಕ್ಕೆ ಊರಿದ ಮೇಲಷ್ಟೇ ಯಾವ ಕೈ ಏನು ಮಾಡಿತೆಂದು ಯೋಚಿಸಿದೆ. ಸರಿಯಾದ ಕೈಯೇ ಮಾಡಿತ್ತು.

ಮನೆಗೆ ಬಂದು ಟೇಪು ಕಿತ್ತೆ. ಹಿರಿಯರು ಬರೆಸಿದ ಚೀಟಿ ಸಲಕರಣೆಯ ಡಬ್ಬಿಯಲ್ಲಿ, ಗ್ರೀಸಿನ ಕಲೆಗಳೊಂದಿಗೆ, ಇನ್ನೂ ಇತ್ತು. ಕೊನೆಯ ಸಾಲನ್ನು ಹೊಡೆದುಹಾಕಲು ಮನಸ್ಸಾಗಲಿಲ್ಲ. ಅದರ ಕೆಳಗೆ ಪೆನ್ಸಿಲ್ಲಿನಿಂದ "ಇಲ್ಲಿ: ಎಡಗೈ" ಎಂದು ಬರೆದು, ಡಬ್ಬಿಯ ಮುಚ್ಚಳ ಹಾಕಿದೆ.